ತುಂಬಿದ ಕಾಲು, ಖಾಲಿ ಕಾಲು

ಪ್ರಶ್ನೆ: ನನಗೆ 66 ವರ್ಷ. ಊರು ದಾವಣಗೆರೆ. ಆರು ತಿಂಗಳಿಗೆಂದು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಬೆಳಿಗ್ಗೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಚೀನಾದ ಹಿರಿಯರು ಹದಿನೈದಿಪ್ಪತ್ತು ಜನ ಸೇರಿ, ನಿಧಾನಕ್ಕೆ ಕೈ ಆಡಿಸುತ್ತಾ ಏನೋ ಮಾಡುತ್ತಾರೆ. ತೈ ಚಿ ಅಂತೆ. ಮಗಳು "ನೀನೂ ಸೇರ್ಕೋ ಅಮ್ಮ" ಅನ್ನುತ್ತಾಳೆ. ನನಗೆ ಬಲ ಮಂಡಿ ಸವೆದಿದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ, ಅವತ್ತಿನಿಂದ ಹೆಜ್ಜೆ ಇಡುವುದಕ್ಕೇ ಭಯ. ಬಿಪಿ ಮಾತ್ರೆ ತಗೊಳ್ಳುತ್ತೇನೆ. ಇಷ್ಟು ನಿಧಾನಕ್ಕೆ ಮಾಡಿದರೆ ಉಪಯೋಗ ಇದೆಯಾ? ಇದು ಅವರ ಪೂಜೆಯಾ, ವ್ಯಾಯಾಮವಾ? ಯೋಗ ಮಾಡಿಕೊಂಡು ಬಂದವಳಿಗೆ ಇದೂ ಬೇಕಾ? ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೂ ಅಷ್ಟಕ್ಕಷ್ಟೇ. ಹೇಗೆ ಸೇರಲಿ?

ಉತ್ತರ: ಅಮ್ಮಾ, ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಅಡುಗೆಮನೆ ಕಟ್ಟೆ ಹತ್ತಿರ ಹೋಗಿ ನಿಲ್ಲಿ. ಒಂದು ಕೈ ಕಟ್ಟೆ ಮೇಲಿರಲಿ. ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ. ಈಗ ಬಲಗಾಲನ್ನು ಒಂದು ಇಂಚು ಎತ್ತಿ.

ಎತ್ತಿದಿರಾ? ನೂರಕ್ಕೆ ತೊಂಬತ್ತು ಜನ ಮೈಯನ್ನು ಸಟ್ಟನೆ ಎಡಕ್ಕೆ ವಾಲಿಸಿ ಕಾಲು ಕಿತ್ತುಬಿಡುತ್ತಾರೆ. ಈ ಸಲ ಎತ್ತುವ ಯೋಚನೆಯೇ ಬೇಡ. ಸೊಂಟವನ್ನು ಮಾತ್ರ ನಿಧಾನಕ್ಕೆ ಎಡಗಾಲಿನ ಮೇಲಕ್ಕೆ ತನ್ನಿ. ಹತ್ತು ಎಣಿಸುವಷ್ಟು ಹೊತ್ತು ತಗೊಳ್ಳಿ. ಎಡ ಪಾದ ಭಾರವಾಗುತ್ತಾ ಹೋಗುತ್ತದೆ, ಬಲ ಪಾದ ಹಗುರವಾಗುತ್ತಾ ಬರುತ್ತದೆ. ಬಲ ಪಾದದ ಕೆಳಗೆ ಒಂದು ಕಾಗದ ಇದ್ದಿದ್ದರೆ ಈಗ ಯಾರಾದರೂ ಎಳೆದುಕೊಳ್ಳಬಹುದು ಅನ್ನಿಸುವ ಒಂದು ಹಂತ ಬರುತ್ತದೆ. ಆಗ ಎತ್ತಿ. ಕಾಲು ತಾನಾಗಿ ಬರುತ್ತದೆ.

ನೀವು ಈಗ ಮಾಡಿದ್ದೇ ತೈ ಚಿ. ನಾನು ಫಿಸಿಯೋಥೆರಪಿ ಮಾಡುವವನು, ತೈ ಚಿ ಕಲಿಸುವವನೂ ಹೌದು. ಹೊಸಬರಿಗೆ ಮೊದಲ ಎರಡು ವಾರ ಇದನ್ನು ಬಿಟ್ಟು ಬೇರೇನೂ ಹೇಳಿಕೊಡುವುದಿಲ್ಲ. ಕೆಲವರು ಬೇಜಾರಾಗಿ ಬಿಟ್ಟೂ ಹೋಗುತ್ತಾರೆ. ಪಾರ್ಕಿನಲ್ಲಿ ನೋಡಿದವರ ಕಣ್ಣು ಆ ಕೈಗಳ ಮೇಲೇ ಇರುತ್ತದೆ. ವಿದ್ಯೆ ಇರುವುದು ಕಾಲಲ್ಲಿ.

ನೀವು ಬಚ್ಚಲಲ್ಲಿ ಬಿದ್ದಿದ್ದನ್ನೇ ತಗೊಳ್ಳಿ. ನಾವು ನಡೆಯುವಾಗ ಮುಂದಿನ ಕಾಲನ್ನು ಊರುವುದೂ ಅದರ ಮೇಲೆ ಭಾರ ಬೀಳುವುದೂ ಒಂದೇ ಸಲ ಆಗಿಬಿಡುತ್ತದೆ. ಒಣ ನೆಲದಲ್ಲಿ ಅದರಿಂದ ತೊಂದರೆ ಇಲ್ಲ. ಸೋಪಿನ ನೀರು ಬಿದ್ದ ಟೈಲ್ಸ್ ಮೇಲೆ, ಭಾರ ತುಂಬಿದ ಕಾಲು ಜಾರಿದರೆ ಅದರ ಜೊತೆ ನೀವೂ ಹೋಗುತ್ತೀರಿ. ತೈ ಚಿಯಲ್ಲಿ ಹೆಜ್ಜೆ ಎರಡು ಭಾಗ. ಮೊದಲು ಖಾಲಿ ಕಾಲನ್ನು ಮುಂದೆ ಚಾಚಿ ಹಿಮ್ಮಡಿ ತಾಗಿಸುವುದು. ಭಾರ ಪೂರ್ತಿ ಹಿಂದಿನ ಕಾಲಲ್ಲೇ ಇರುತ್ತದೆ. ನೆಲ ಸರಿಯಿದೆ ಅನ್ನಿಸಿದ ಮೇಲೆ ಭಾರ ಸುರಿಯುವುದು. ಕೊಡದಿಂದ ಕೊಡಕ್ಕೆ ತುಳುಕದಂತೆ ನೀರು ಬಗ್ಗಿಸುತ್ತೀರಲ್ಲ, ಹಾಗೆ. ಖಾಲಿ ಕಾಲು ಜಾರಿದರೆ ವಾಪಸ್ ತಗೊಳ್ಳಬಹುದು. ಹಳೆಯ ಚೀನೀ ಪಾಠಗಳಲ್ಲಿ ಇದಕ್ಕೆ 'ಬೆಕ್ಕಿನ ಹಾಗೆ ಹೆಜ್ಜೆ ಇಡು' ಅನ್ನುತ್ತಾರೆ. ಮಳೆ ನಿಂತ ಮೇಲೆ ಬೆಕ್ಕು ಒದ್ದೆ ಅಂಗಳ ದಾಟುವುದನ್ನು ನೋಡಿದ್ದರೆ ನಿಮಗೆ ಬೇರೆ ವಿವರಣೆ ಬೇಡ.

ಇಷ್ಟು ನಿಧಾನ ಯಾಕೆ ಅಂತ ಕೇಳಿದಿರಿ. ಊರ ಗಣೇಶೋತ್ಸವದಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇಡುತ್ತಾರಲ್ವಾ? ಜೋರಾಗಿ ಓಡಿಸುವಾಗ ಒಬ್ಬ ಹುಡುಗನೂ ಬೀಳುವುದಿಲ್ಲ. ನಿಧಾನ ಮಾಡಿದ ತಕ್ಷಣ ಒಬ್ಬೊಬ್ಬರೇ ಕಾಲು ಊರುತ್ತಾರೆ. ವೇಗ ನಮ್ಮ ಬ್ಯಾಲೆನ್ಸ್ ತಪ್ಪುಗಳನ್ನು ಮುಚ್ಚಿ ಹಾಕುತ್ತದೆ. ನಿಧಾನ ಒಂದೊಂದನ್ನೂ ಎತ್ತಿ ತೋರಿಸುತ್ತದೆ. ಜೊತೆಗೆ, ಮಂಡಿ ಸ್ವಲ್ಪ ಮಡಿಸಿ ಒಂದೇ ಕಾಲಿನ ಮೇಲೆ ಅಷ್ಟು ಹೊತ್ತು ಮೈ ತೂಕ ಹೊತ್ತರೆ ತೊಡೆಯ ಸ್ನಾಯುಗಳಿಗೆ ಸರಿಯಾದ ಕೆಲಸ ಬೀಳುತ್ತದೆ. ಹದಿನೈದು ನಿಮಿಷ ಮಾಡಿ ನೋಡಿ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ನಿಮಗೆ ಹೇಳುತ್ತದೆ.

ಈಗ ಪೂಜೆಯ ವಿಷಯ. ಪೂಜೆ ಅಲ್ಲ. ಅದರಲ್ಲಿ ದೇವರಿಲ್ಲ, ಮಂತ್ರವಿಲ್ಲ. ಹುಟ್ಟಿನಿಂದ ಅದು ಕುಸ್ತಿಯ ಜಾತಿಗೆ ಸೇರಿದ್ದು. ಪೂರ್ತಿ ಹೆಸರು ತೈ ಚಿ ಚ್ವಾನ್. ಚ್ವಾನ್ ಅಂದರೆ ಮುಷ್ಟಿ. ಇಲ್ಲಿ ಒಂದು ಗೊಂದಲ ಇದೆ, ಯೋಗ ಗೊತ್ತಿರುವ ನಮ್ಮವರು ತಪ್ಪದೆ ಬೀಳುವ ಗುಂಡಿ. 'ಚಿ' ಅಂದರೆ ಪ್ರಾಣಶಕ್ತಿ, ಹಾಗಾಗಿ ತೈ ಚಿ ಅಂದರೆ ಮಹಾಪ್ರಾಣ ಅಂತ ಅಂದುಕೊಳ್ಳುತ್ತಾರೆ. ಉಸಿರು, ಶಕ್ತಿ ಅನ್ನುವ ಅರ್ಥದ ಚಿ ಬೇರೆ ಪದ, ಬರೆಯುವ ಅಕ್ಷರವೂ ಬೇರೆ. ತೈ ಚಿಯ 'ಚಿ'ಯನ್ನು ಚೀನೀಯರು ಈಗ 'ಜಿ' ಅಂತ ಉಚ್ಚರಿಸುತ್ತಾರೆ. ಅರ್ಥ ತುತ್ತತುದಿ. ಆ ಅಕ್ಷರದ ಹಳೆಯ ಅರ್ಥ ಮನೆಯ ಮಾಡಿನ ನೆತ್ತಿಯ ತೊಲೆ. ಆ ತೊಲೆಯಿಂದ ಮಾಡು ಎರಡು ಕಡೆಗೆ ಇಳಿಯುತ್ತದೆ. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ನೆರಳು. ಚೀನೀ ತತ್ವದ ಜೋಡಿ ಪದಗಳಾದ ಯಾಂಗ್ ಮತ್ತು ಯಿನ್‌ಗಳ ಮೂಲ ಅರ್ಥವೂ ಬೆಟ್ಟದ ಬಿಸಿಲ ಮಗ್ಗುಲು, ನೆರಳ ಮಗ್ಗುಲು. ಅರ್ಧ ಕಪ್ಪು ಅರ್ಧ ಬಿಳಿಯ ಆ ವೃತ್ತವನ್ನು ಟೀ ಶರ್ಟುಗಳ ಮೇಲೆಲ್ಲ ನೋಡಿರುತ್ತೀರಿ. ಅದರ ಹೆಸರೇ ತೈ ಚಿ ಚಿತ್ರ.

ಈ ತತ್ವದ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ನನಗೆ ಮಾತ್ರ ಅದು ಅರ್ಥವಾಗಿದ್ದು ಕಾಲಿನಿಂದ. ಒಂದು ಕಾಲು ತುಂಬಿದೆ, ಒಂದು ಖಾಲಿ. ತುಂಬಿದ್ದು ಖಾಲಿಯಾಗಬೇಕು, ಆಗಲೇ ಹೆಜ್ಜೆ. ಎರಡೂ ಕಾಲಲ್ಲಿ ಅರ್ಧರ್ಧ ಭಾರ ಹಾಕಿ ಗಟ್ಟಿಯಾಗಿ ನಿಂತವನು ಬಲವಾಗಿ ನಿಂತಂತೆ ಕಾಣುತ್ತಾನೆ, ಆದರೆ ಅವನು ಯಾವ ಕಡೆಗೂ ಸುಲಭವಾಗಿ ಹೊರಡಲಾರ. ತೈ ಚಿಯಲ್ಲಿ ಇದನ್ನು ತಪ್ಪು ಅಂತಲೇ ಎಣಿಸುತ್ತಾರೆ, 'ಎರಡು ಕಡೆ ಭಾರ' ಅಂತ ಅದಕ್ಕೊಂದು ಹೆಸರೂ ಇದೆ. ಆ ಚಿತ್ರದಲ್ಲಿ ಕಪ್ಪಿನೊಳಗೆ ಒಂದು ಬಿಳಿ ಚುಕ್ಕೆ, ಬಿಳಿಯೊಳಗೆ ಒಂದು ಕಪ್ಪು ಚುಕ್ಕೆ ಇರುತ್ತದೆ. ಖಾಲಿ ಕಾಲಲ್ಲೂ ಒಂದಿಷ್ಟು ಜೀವ ಇರಬೇಕು, ಸತ್ತ ಕಾಲಾಗಬಾರದು. ಅಷ್ಟೇ ಅದರ ಅರ್ಥ, ಕನಿಷ್ಠ ಅಭ್ಯಾಸ ಮಾಡುವವರಿಗೆ.

ಎರಡನೆಯ ಮಾತು ಮೆತ್ತಗಿರುವುದರದ್ದು. ನೀರಿಗಿಂತ ಮೆತ್ತಗಿನದು ಇಲ್ಲ, ಗಟ್ಟಿಯಾದದ್ದನ್ನು ಸವೆಸುವುದರಲ್ಲಿ ಅದನ್ನು ಮೀರಿಸಿದ್ದೂ ಇಲ್ಲ ಅನ್ನುವುದು ಚೀನಾದ ದಾವ್ ಪರಂಪರೆಯ ಹಳೆಯ ನಂಬಿಕೆ. ತೈ ಚಿಯವರು ಅದನ್ನು ಕುಸ್ತಿಗೆ ತಂದರು. ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ತೂಕವನ್ನು ಪಕ್ಕಕ್ಕೆ ತಿರುಗಿಸು ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ನಾಲ್ಕು ತೊಲದಿಂದ ಸಾವಿರ ಸೇರು ಅಂದ ಹಾಗೆ. ನಿಮ್ಮ ದಾವಣಗೆರೆ ಗರಡಿಮನೆಗಳ ಊರು. ಅಲ್ಲಿಯ ಯಾವ ಹಳೇ ಪೈಲ್ವಾನರನ್ನು ಕೇಳಿದರೂ ಎದುರಾಳಿಯ ಬಲದಿಂದಲೇ ಅವನನ್ನು ಕೆಡಹುವ ವಿಷಯ ಹೇಳುತ್ತಾರೆ. ತೈ ಚಿಯಲ್ಲಿ ಇದಕ್ಕೆ ಜೋಡಿ ಅಭ್ಯಾಸ ಇದೆ, ತ್ವೇ ಶೋ ಅಂತ. ಇಬ್ಬರು ಎದುರು ಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿಕೊಂಡು ಒಬ್ಬರನ್ನೊಬ್ಬರು ಮೆಲ್ಲಗೆ ತಳ್ಳುತ್ತಾರೆ. ಮೊದಲ ಸಲ ನಾನು ಒಬ್ಬ ಎಪ್ಪತ್ತು ದಾಟಿದ ಹಿರಿಯರನ್ನು ತಳ್ಳಲು ಹೋದಾಗ ತಳ್ಳಿದ ಜಾಗದಲ್ಲಿ ಅವರೇ ಇರಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟು ಮುಗ್ಗರಿಸುತ್ತೇವಲ್ಲ, ಹಾಗಾಯಿತು. ಅವರು ಮಾಡಿದ್ದು ಸೊಂಟ ಒಂದಿಷ್ಟು ತಿರುಗಿಸಿದ್ದು ಮಾತ್ರ.

ಶಕ್ತಿ ಹರಿಯುತ್ತದೆ, ಹೊಕ್ಕುಳ ಕೆಳಗೆ ಸೇರುತ್ತದೆ ಅಂತೆಲ್ಲ ಕಲಿಸುವವರು ಹೇಳಬಹುದು. ಮೈಯಲ್ಲಿ ಏನು ಅನ್ನಿಸಬೇಕು ಅಂತ ಹೇಳುವ ಒಂದು ರೀತಿ ಅಂತ ತಗೊಳ್ಳಿ. ಅಂಗೈ ಬೆಚ್ಚಗಾಗುವುದು, ಭುಜ ಇಳಿದು ಭಾರ ಕೆಳಗೆ ಬಂದ ಹಾಗೆ ಅನ್ನಿಸುವುದು ನಿಜ. ಅದೇ ಶಕ್ತಿಯಿಂದ ಯಾರನ್ನೋ ಮುಟ್ಟದೆ ಹತ್ತಡಿ ದೂರ ಎಸೆಯುವ ವಿಡಿಯೋಗಳು ವಾಟ್ಸಾಪಿನಲ್ಲಿ ಬರುತ್ತವೆ. ನೋಡಿ ನಕ್ಕುಬಿಡಿ.

ಇತಿಹಾಸ ಚುಟುಕಾಗಿ ಹೇಳುತ್ತೇನೆ. ಊದಾಂಗ್ ಬೆಟ್ಟದ ಝಾಂಗ್ ಸಾನ್‌ಫೆಂಗ್ ಎಂಬ ದಾವ್ ಸನ್ಯಾಸಿ ಹಾವಿಗೂ ಹಕ್ಕಿಗೂ ಜಗಳ ಆಗುವುದನ್ನು ನೋಡಿ ಇದನ್ನು ಕಂಡುಹಿಡಿದ ಅನ್ನುವುದು ಕತೆ. ದಾಖಲೆ ಸಿಗುವುದು ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿ ಚೆನ್‌ಜಿಯಾಗೌನಿಂದ. 17ನೇ ಶತಮಾನದಲ್ಲಿ ಅಲ್ಲಿಯ ಚೆನ್ ವಾಂಗ್‌ಟಿಂಗ್ ಇದಕ್ಕೆ ರೂಪ ಕೊಟ್ಟ ಅನ್ನುತ್ತಾರೆ. ಚೆನ್ ಮನೆತನದವರಿಂದ ಕಲಿತ ಹೊರಗಿನವನು ಯಾಂಗ್ ಲೂಚಾನ್ (1799–1872). ಅವನು ಬೀಜಿಂಗಿಗೆ ಹೋಗಿ ಅರಮನೆಯ ಕಡೆಯವರಿಗೆ ಕಲಿಸಿದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ನೆಗೆತ, ಒದೆತಗಳ ಜೋರು ತೆಗೆದು ಒಂದೇ ಸಮನಾದ ನಿಧಾನ ಗತಿಗೆ ತಂದ. ನೀವು ಪಾರ್ಕಿನಲ್ಲಿ ನೋಡುತ್ತಿರುವುದು ಬಹುಶಃ ಅದರದ್ದೂ ಕಿರಿದಾದ ರೂಪ. 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಆಯೋಗ ಯಾಂಗ್ ಪದ್ಧತಿಯಿಂದ 24 ಚಲನೆಗಳನ್ನು ಆರಿಸಿ ಜೋಡಿಸಿತು. ಪೂರ್ತಿ ಮಾಡಲು ಐದಾರು ನಿಮಿಷ ಸಾಕು. 2020ರಲ್ಲಿ ಯುನೆಸ್ಕೊ ತೈ ಚಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಪಯೋಗ ಇದೆಯಾ? ನಿಮ್ಮ ಮೂರು ತೊಂದರೆಗಳಿಗೆ ತಕ್ಕ ಹಾಗೆ ಹೇಳುತ್ತೇನೆ.

ಬೀಳುವುದರ ಬಗ್ಗೆ ನನಗೆ ಅನುಮಾನವೇ ಇಲ್ಲ. ಅಮೆರಿಕದ ಆರೆಗಾನ್‌ನಲ್ಲಿ ಫುಝಾಂಗ್ ಲೀ ಮತ್ತು ಅವರ ಜೊತೆಯವರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 70 ದಾಟಿದ 670 ಜನ. ಹಿಂದಿನ ವರ್ಷ ಬಿದ್ದವರು ಇಲ್ಲವೇ ಓಡಾಟ ಕಷ್ಟವಾದವರು, ನಿಮ್ಮ ಹಾಗೆ. ಒಂದು ಗುಂಪಿಗೆ ಬ್ಯಾಲೆನ್ಸ್‌ಗೆ ಹೊಂದಿಸಿದ ತೈ ಚಿ, ಒಂದಕ್ಕೆ ಹಲವು ಬಗೆಯ ವ್ಯಾಯಾಮ, ಒಂದಕ್ಕೆ ಮೈ ಸೆಳೆಯುವ (ಸ್ಟ್ರೆಚಿಂಗ್) ವ್ಯಾಯಾಮ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ, 24 ವಾರ. ತೈ ಚಿ ಗುಂಪಿನವರು ಬಿದ್ದಿದ್ದು ಮೈ ಸೆಳೆದವರಿಗಿಂತ ಶೇಕಡ 58ರಷ್ಟು ಕಮ್ಮಿ. ಹಲವು ವ್ಯಾಯಾಮ ಮಾಡಿದವರಿಗಿಂತಲೂ ಶೇಕಡ 31ರಷ್ಟು ಕಮ್ಮಿ. ಪಾರ್ಕಿನ್ಸನ್ ಇದ್ದವರ ಮೇಲೆ ಇದೇ ಲೀ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬ್ಯಾಲೆನ್ಸ್ ಸುಧಾರಿಸಿತ್ತು.

ಮಂಡಿಗೂ ಒಳ್ಳೆಯ ಸುದ್ದಿ ಇದೆ, ಆದರೆ ಅಳತೆಯಲ್ಲಿ. 2016ರಲ್ಲಿ ಬಾಸ್ಟನ್ನಿನ ಟಫ್ಟ್ಸ್ ವೈದ್ಯಕೀಯ ಕೇಂದ್ರದವರು ಮಂಡಿ ಸವೆತದ 204 ಜನರನ್ನು 12 ವಾರ ನೋಡಿ ಹೇಳಿದ್ದೇನೆಂದರೆ, ತೈ ಚಿಯಿಂದಲೂ ಫಿಸಿಯೋಥೆರಪಿಯಿಂದಲೂ ನೋವು ಸುಮಾರು ಒಂದೇ ಪ್ರಮಾಣದಲ್ಲಿ ಇಳಿಯಿತು. ಫಿಸಿಯೋ ಆಗಿ ಇದನ್ನು ಒಪ್ಪಿಕೊಳ್ಳಲು ನನಗೇನೂ ಬೇಸರವಿಲ್ಲ. ಸವೆದ ಮಂಡಿ ಮತ್ತೆ ಬೆಳೆಯುವುದಿಲ್ಲ. ಮಂಡಿಯ ಸುತ್ತಲಿನ ಸ್ನಾಯು ಕೆಲಸ ಹಂಚಿಕೊಂಡರೆ ನೋವು ಇಳಿಯುತ್ತದೆ.

ಬಿಪಿ ಬಗ್ಗೆ, ಚೀನಾದಲ್ಲಿ ಬಿಪಿ ಅಂಚಿನಲ್ಲಿದ್ದ 342 ಜನರ ಮೇಲೆ ಒಂದು ವರ್ಷ ಮಾಡಿದ ಅಧ್ಯಯನ 2024ರಲ್ಲಿ ಬಂತು. ತೈ ಚಿ ಮಾಡಿದವರಿಗೆ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿಯಿತು, ಏರೋಬಿಕ್ ವ್ಯಾಯಾಮದವರಿಗೆ 4.6ರಷ್ಟು. ಅವರು 65ರೊಳಗಿನವರು, ನಿಮ್ಮ ಹಾಗೆ ಮಾತ್ರೆ ಹಂತಕ್ಕೆ ಬಂದವರಲ್ಲ. ಹಾಗಾಗಿ ಮಾತ್ರೆ ಬಿಡುವ ಮಾತೇ ಬೇಡ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಗಂಟು ಕರಗುತ್ತದೆ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಇನ್ನೊಂದು ಕೊರತೆ, ತೋಳಿಗೆ ಇದರಲ್ಲಿ ಹೆಚ್ಚು ಕೆಲಸವಿಲ್ಲ. ಮಗಳ ಮನೆಯಲ್ಲಿ ಐದು ಕೆಜಿ ಅಕ್ಕಿ ಚೀಲ ಎತ್ತಿಡುವುದನ್ನು ಮುಂದುವರಿಸಿ.

ಯೋಗ ಬಿಡಬೇಕಾಗಿಲ್ಲ. ಯೋಗದಲ್ಲಿ ವೃಕ್ಷಾಸನಕ್ಕೆ ಹೋಗಿ ಅಲ್ಲಿ ನಿಲ್ಲುತ್ತೀರಿ. ತೈ ಚಿಯಲ್ಲಿ ನಿಲ್ಲುವ ಜಾಗವೇ ಇಲ್ಲ. ನಾವು ಬೀಳುವುದು ನಿಂತಾಗ ಕಮ್ಮಿ, ತಿರುಗುವಾಗ, ದಾಟುವಾಗ, ಏನೋ ತಗೊಳ್ಳಲು ಹೋಗುವಾಗ ಜಾಸ್ತಿ. ಅದಕ್ಕೇ ಇದು ನಿಮಗೆ ಬೇರೆಯದೇ ಪಾಠ. ಉಸಿರಿನ ಲೆಕ್ಕ ಕೂಡ ಬೇರೆ. ಪ್ರಾಣಾಯಾಮದ ಅಭ್ಯಾಸದಿಂದ ಕೆಲವರು ಇಲ್ಲೂ ಉಸಿರು ಹಿಡಿಯುತ್ತಾರೆ. ಹಿಡಿಯಬೇಡಿ, ಅದರಷ್ಟಕ್ಕೆ ಬಂದು ಹೋಗಲಿ.

ಚಲನೆ ಹೇಗಿರಬೇಕು ಅನ್ನುವುದಕ್ಕೆ ಅವರಲ್ಲಿ ಒಂದು ಹಳೆಯ ಹೋಲಿಕೆ ಇದೆ, 'ರೇಷ್ಮೆ ಎಳೆ ತೆಗೆದ ಹಾಗೆ' ಅಂತ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾ! ರಾಮನಗರದ ಕಡೆ ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಹಾಕಿ ನೂಲು ಬಿಚ್ಚುವುದನ್ನು ನೋಡಿದ್ದೇನೆ. ಗೂಡು ನೀರಲ್ಲಿ ಕುಣಿಯುತ್ತಾ ಇರುತ್ತದೆ, ಎಳೆ ಕಣ್ಣಿಗೆ ಕಾಣುವುದೇ ಕಷ್ಟ. ಜಗ್ಗಿದರೆ ಕಡಿದುಹೋಗುತ್ತದೆ. ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಕೈ ಒಂದೇ ಹದದಲ್ಲಿ ಹೋಗಬೇಕು. ತೈ ಚಿಯ 'ಮೋಡದ ಕೈ' ಅನ್ನುವ ಚಲನೆ ಮಾಡುವಾಗ ನನಗೆ ಆ ತೊಟ್ಟಿಯೇ ನೆನಪಾಗುತ್ತದೆ. ಒಂದು ಕೈ ಮುಖದ ಮುಂದೆ, ಇನ್ನೊಂದು ಹೊಟ್ಟೆಯ ಮುಂದೆ. ಸೊಂಟ ಎಡಕ್ಕೆ ತಿರುಗುತ್ತಾ ಕೈಗಳನ್ನು ಕರೆದುಕೊಂಡು ಹೋಗುತ್ತದೆ, ಕೈ ಮೇಲೆ ಕೆಳಗೆ ಬದಲಾಗುತ್ತದೆ, ಸೊಂಟ ಬಲಕ್ಕೆ ಬರುತ್ತದೆ. ಕೈ ತಾನಾಗಿ ಏನೂ ಮಾಡುವುದಿಲ್ಲ. ಕಾಲಲ್ಲಿ ಭಾರ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸುರಿಯುತ್ತಿರುತ್ತದೆ. ಮೊದಲು ಕಲಿಯಬೇಕಾದ್ದು ಇದೇ ಅಂತ ನನ್ನ ಅಭಿಪ್ರಾಯ, 24ರ ಸಾಲಿನಲ್ಲಿ ಇದು ಹತ್ತನೆಯದಾದರೂ.

ಮಂಡಿಯ ಎಚ್ಚರಿಕೆ ನನ್ನ ಅನುಭವದಿಂದಲೇ ಹೇಳುತ್ತೇನೆ. ಕಲಿತ ಮೊದಲ ವರ್ಷ ನನಗೆ ಕಲಿಸುತ್ತಿದ್ದವರು "ಇನ್ನೂ ಕೆಳಗೆ, ಇನ್ನೂ ಕೆಳಗೆ" ಅನ್ನುತ್ತಿದ್ದರು. ನಾನೂ ಹುಮ್ಮಸ್ಸಿನಲ್ಲಿ ಕುರ್ಚಿಯಷ್ಟು ಕೆಳಕ್ಕೆ ಕೂತು ಮಾಡಿದೆ. ಒಂದು ದಿನ ಭಾರ ತುಂಬಿದ ಕಾಲಿನ ಮೇಲೇ ಮೈ ತಿರುಗಿಸಿದೆ. ರಬ್ಬರ್ ಶೂ ನೆಲಕ್ಕೆ ಕಚ್ಚಿಕೊಂಡಿತ್ತು, ಪಾದ ತಿರುಗಲಿಲ್ಲ, ಮಂಡಿ ತಿರುಗಿತು. ಮೂರು ತಿಂಗಳು ಕುಂಟಿದೆ. ಅದರಿಂದ ನಿಮಗೆ ಹೇಳುವುದು: ನೆಟ್ಟಗೆ, ಎತ್ತರದಲ್ಲೇ ನಿಲ್ಲಿ, ಮಂಡಿಯ ಬೀಗ ಬಿಟ್ಟರೆ, ಅಂದರೆ ಒಂಚೂರು ಸಡಿಲಿಸಿದರೆ ಸಾಕು. ಪಾದ ತಿರುಗಿಸಬೇಕಾದರೆ ಮೊದಲು ಆ ಕಾಲು ಖಾಲಿ ಮಾಡಿ. ಮಂಡಿ ಯಾವಾಗಲೂ ಕಾಲ್ಬೆರಳು ತೋರಿಸುವ ಕಡೆಗೇ ಮಡಿಯಬೇಕು, ಒಳಕ್ಕೆ ಬೀಳಬಾರದು, ಬೆರಳ ತುದಿ ದಾಟಲೂಬಾರದು. ಆಗುವಷ್ಟರಲ್ಲಿ ನೂರಕ್ಕೆ ಎಪ್ಪತ್ತು ಮಾತ್ರ ಮಾಡಿ ಅಂತ ತೈ ಚಿಯವರೇ ಹೇಳುತ್ತಾರೆ. 16 ಮತ್ತು 17ನೇ ಚಲನೆಯಲ್ಲಿ ಅವರು ಹಾವಿನ ಹಾಗೆ ನೆಲದ ಹತ್ತಿರ ಇಳಿದು ಒಂಟಿ ಕಾಲಲ್ಲಿ ಏಳುತ್ತಾರೆ. ನೀವು ಇಳಿಯಬೇಡಿ, ಭಾರ ಹಿಂದೆ ತಗೊಂಡು ಮುಂದೆ ಬಂದರೆ ಆಯಿತು. 19ನೆಯದು 'ಸಮುದ್ರದ ತಳದ ಸೂಜಿ', ಮುಂದಕ್ಕೆ ಬಾಗುವುದು. ಬಿಪಿ ಮಾತ್ರೆ ತಗೊಳ್ಳುವವರಿಗೆ ಬಾಗಿ ಏಳುವಾಗ ತಲೆ ಸುತ್ತಬಹುದು. ಬೆನ್ನು ನೆಟ್ಟಗಿಟ್ಟು ಕೈ ಮಾತ್ರ ಕೆಳಗೆ ಚಾಚಿ. ತೆಳು ಅಡಿಯ ಚಪ್ಪಟೆ ಶೂ ಹಾಕಿ, ಸೀರೆಗಿಂತ ಚೂಡಿದಾರ್ ಒಳ್ಳೆಯದು. ಪಾದ ನಿಮ್ಮ ಕಣ್ಣಿಗೆ ಕಾಣಬೇಕು. ಡಾಕ್ಟರಿಗೆ ಒಂದು ಮಾತು ಹೇಳಿಯೇ ಶುರು ಮಾಡಿ.

ವಾರಕ್ಕೆ ಎರಡು ಮೂರು ದಿನ ಪಾರ್ಕು, ಉಳಿದ ದಿನ ಅಡುಗೆಮನೆ ಕಟ್ಟೆ ಹಿಡಿದು ಹತ್ತು ನಿಮಿಷ ಆ ಭಾರ ದಾಟಿಸುವ ಅಭ್ಯಾಸ. ಮೂರು ತಿಂಗಳಾದರೂ ಕೊಡಿ. ನಿಮ್ಮ ಹತ್ತಿರ ಆರು ತಿಂಗಳಿದೆ, ಅಷ್ಟರಲ್ಲಿ 24ನ್ನೂ ಕಲಿತು ಕುಂದವಾಡ ಕೆರೆ ದಂಡೆಯಲ್ಲಿ ಒಬ್ಬರೇ ಮಾಡಿಕೊಳ್ಳಬಹುದು. ಜನ ನಿಂತು ನೋಡುತ್ತಾರೆ, ನೋಡಲಿ.

ಸೇರುವುದಕ್ಕೆ ಭಾಷೆ ಬೇಡ. ಹತ್ತು ನಿಮಿಷ ಮುಂಚೆ ಹೋಗಿ, ಮುಂದೆ ನಿಲ್ಲುವವರಿಗೆ ನಕ್ಕು 'ನಿ ಹಾವ್' ಅನ್ನಿ, ನಿಮ್ಮನ್ನೇ ತೋರಿಸಿಕೊಂಡು ಅವರ ಸಾಲು ತೋರಿಸಿ. ಅರ್ಥವಾಗುತ್ತದೆ. ಸ್ಪೀಕರಿನಲ್ಲಿ ಹಾಡಿನ ನಡುವೆ ಒಂದು ದನಿ ಚಲನೆಗಳ ಹೆಸರು ಹೇಳುತ್ತಿದ್ದರೆ, ಮೊದಲು ಕೇಳುವ 'ಚಿ ಶಿ' ಅಂದರೆ ಆರಂಭ. ಕೈ ನೋಡಬೇಡಿ, ಮುಂದಿನವರ ಸೊಂಟ ಮತ್ತು ಕಾಲು ನೋಡಿ. ಸಂಕೋಚದಿಂದ ನೀವು ಹಿಂದಿನ ಸಾಲಿನ ಮೂಲೆಯಲ್ಲಿ ನಿಲ್ಲುತ್ತೀರಿ, ನನಗೆ ಗೊತ್ತು. ಅರ್ಧ ದಾರಿಯಲ್ಲಿ ಎಲ್ಲರೂ ಹಿಂದಕ್ಕೆ ತಿರುಗುತ್ತಾರೆ. ಆಗ ನೀವೇ ಎಲ್ಲರಿಗಿಂತ ಮುಂದೆ, ಎದುರಿಗೆ ನೋಡಿ ಮಾಡಲು ಒಬ್ಬರೂ ಇರುವುದಿಲ್ಲ. ಅದಕ್ಕೇ ಹೊಸಬರನ್ನು ಮಧ್ಯೆ ನಿಲ್ಲಿಸುತ್ತಾರೆ, ಯಾವ ಕಡೆ ತಿರುಗಿದರೂ ಮುಂದೊಬ್ಬರು ಇರಲಿ ಅಂತ. ಯಾರಾದರೂ ಅಜ್ಜಿ ಬಂದು ನಿಮ್ಮ ತೋಳು ಹಿಡಿದು ನಡುವಿಗೆ ಎಳೆದುಕೊಂಡು ಹೋದರೆ ಬೇಡ ಅನ್ನಬೇಡಿ, 'ಶಿಯೇ ಶಿಯೇ' (ಥ್ಯಾಂಕ್ಸ್) ಅಂದು ನಿಂತುಕೊಳ್ಳಿ.